ಬೇಟೆಗಾರನನ್ನು ಮುಳುಗಿಸಿದ ಮೇಲೆ

ದೆವ್ವ ಪಿಶಾಚಿಗಳನ್ನು ನಾನು ನಂಬುತ್ತಿರಲಿಲ್ಲ. ಅವುಗಳ ಮೇಲೆ ಇಡೀ ಪುಸ್ತಕ ಬರೆದವನು ಹೀಗೆ ಹೇಳಿದರೆ ನಿಮಗೆ ನಗು ಬರಬಹುದು. ಊರೂರು ಅಲೆಯುತ್ತ ರಾಕ್ಷಸರನ್ನು ಬೇಟೆಯಾಡುವ ಒಬ್ಬನ ಕಥೆಗಳು ಅವು. ಇಂಡಿ ಊರಿನ ಹಾಳುಬಾವಿಯಲ್ಲಿ ಒಂದನ್ನು ಕೊಲ್ಲುತ್ತಾನೆ, ಸಿಂದಗಿಯ ಜೋಳದ ಹೊಲದಲ್ಲಿ ಇನ್ನೊಂದನ್ನು. ಕೂಲಿ ಕೇಳುವುದಿಲ್ಲ. ಬೆಲ್ಲ ತಿಂದು, ನೀರು ಕುಡಿದು ಮುಂದಿನ ಊರಿಗೆ ಹೋಗುತ್ತಾನೆ.

ಕಥೆಗಳು ನನ್ನವಲ್ಲ, ತಂಗಡಗಿಯ ದೊಡ್ಡವ್ವನವು. ನನ್ನ ತಾಯಿಯ ಅಕ್ಕ. ಶಾಲೆಯ ಸೂಟಿಯಲ್ಲಿ ಹೋದಾಗಲೆಲ್ಲ ಹೇಳುತ್ತಿದ್ದಳು. ಕಥೆ ಮುಗಿದ ಮೇಲೆ ಹೊಸ್ತಿಲ ಒಳಗೆ ಒಂದು ಚೂರು ಬೆಲ್ಲ, ಒಂದು ಚರಿಗೆ ನೀರು ಇಡುವುದು ಅವಳ ಪದ್ಧತಿ. “ದಣದಿರತಾನ, ಕುಡದ ಹೋಗಲಿ” ಎನ್ನುತ್ತಿದ್ದಳು. ಅವಳ ಮಗ ಮಲ್ಲು ಸಿಟ್ಟಿನಲ್ಲಿ ಮನೆ ಬಿಟ್ಟು ಹೋದವನು ಮರಳಿರಲಿಲ್ಲ. ಅದು ನನಗೆ ಗೊತ್ತಿತ್ತು. ಅವಳು ಕಥೆ ಶುರು ಮಾಡಿದ್ದೇ ಅವನು ಹೋದ ಮೇಲೆ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವಷ್ಟು ಬುದ್ಧಿ ಮಾತ್ರ ಈ ಲೇಖಕ ಮಹಾಶಯನಿಗೆ ಇರಲಿಲ್ಲ. ಪುಸ್ತಕಕ್ಕೊಂದು ಗಟ್ಟಿ ಕೊನೆ ಬೇಕೆಂದು ಬೇಟೆಗಾರನನ್ನು ಕೊಲ್ಹಾರದ ಹಿನ್ನೀರಿನಲ್ಲಿ ಮುಳುಗಿಸಿಬಿಟ್ಟೆ.

ಪುಸ್ತಕ ಅಚ್ಚಾಗಿ ಬಂದ ಬೇಸಿಗೆಯಲ್ಲಿ ಬಸವನ ಬಾಗೇವಾಡಿಯಿಂದ ಬಸ್ಸು ಹಿಡಿದು ತಂಗಡಗಿಗೆ ಹೋದೆ. ದೊಡ್ಡವ್ವನ ಕಣ್ಣು ಪೂರ್ತಿ ಹೋಗಿತ್ತು. ಅವಳನ್ನು ನೋಡಿಕೊಳ್ಳುವ ಮಗಳು ಹೊಲಕ್ಕೆ ಹೋಗಿದ್ದಳು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು ಕೊನೆಯ ಕಥೆಯನ್ನೇ ಜೋರಾಗಿ ಓದಿದೆ, ಶಾಬಾಸ್ ಅನ್ನಿಸಿಕೊಳ್ಳುವ ಆಸೆಯಿಂದ.

“ಸತ್ತನೇನು?” ಎಂದಳು.

“ಕತಿಯೊಳಗ ಅಷ್ಟ, ದೊಡ್ಡವ್ವಾ.”

“ಮುಂದಿನ ಊರಿಗೆ ಕಳಸಬೇಕಿತ್ತಪಾ.”

ಗೋಡೆ ಹಿಡಿದು ಒಳಕೋಣೆಗೆ ಹೋಗಿ ಮಲಗಿಬಿಟ್ಟಳು. ಬೆಲ್ಲ, ನೀರು ಇಡಲಿಲ್ಲ. ನನಗೆ ಕಸಿವಿಸಿಯಾಗಿ ನಾನೇ ಎದ್ದು ಇಟ್ಟೆ.

ಸ್ವಲ್ಪ ಹೊತ್ತಿಗೆ ಬಾಗಿಲಲ್ಲಿ ಒಬ್ಬ ನಿಂತಿದ್ದ. ಹೊರಗೆ ಸುಡುಬಿಸಿಲು, ಅವನು ಮಾತ್ರ ತಲೆಯಿಂದ ಕಾಲಿನವರೆಗೆ ತೊಯ್ದಿದ್ದ. ಯಾರನ್ನೂ ಕೇಳದೆ ಒಳಗೆ ಬಂದು, ಬೆಲ್ಲ ಬಾಯಿಗೆ ಹಾಕಿಕೊಂಡು ನೀರು ಕುಡಿದ. “ಅವ್ವ ಮಲಗ್ಯಾಳೇನ್ರಿ?” ಎಂದ. ಹೌದೆಂದೆ. “ಎಬ್ಬಸಬ್ಯಾಡ್ರಿ” ಎಂದು ಚರಿಗೆ ಇಟ್ಟು ಹೊರಟ. ಯಾರೆಂದು ಕೇಳಬೇಕೆಂದು ಎದ್ದೆ. ಬಾಗಿಲಿಗೆ ಬಂದು ನೋಡುವಷ್ಟರಲ್ಲಿ ಓಣಿ ಖಾಲಿಯಾಗಿತ್ತು.

ಊರ ಪಕ್ಕದ ಹೊಳೆಯಲ್ಲಿ ಮೀನು ಹಿಡಿಯುವವನಿರಬಹುದು. ನಮ್ಮ ಕಡೆ ವಯಸ್ಸಾದ ಹೆಂಗಸರನ್ನೆಲ್ಲ ಅವ್ವ ಎಂದೇ ಕರೆಯುತ್ತಾರೆ. ಆದರೆ ಒಳಗೆ ಒಬ್ಬ ಮುದುಕಿ ಇದ್ದಾಳೆಂದು ಅವನಿಗೆ ಹೇಗೆ ತಿಳಿಯಿತು? ಸಂಜೆ ಹೊಳೆದಂಡೆಯಲ್ಲಿ ವಿಚಾರಿಸಿದೆ, ಅಂಥವನನ್ನು ಯಾರೂ ಕಂಡಿರಲಿಲ್ಲ. ಮಲ್ಲು ಮನೆ ಬಿಟ್ಟಾಗ ನಾನು ತೀರ ಚಿಕ್ಕವನು, ಅವನ ಮುಖ ನನಗೆ ನೆನಪಿಲ್ಲ.

ಆ ಮನುಷ್ಯ ಹೋದ ಬೆನ್ನಿಗೇ ದೊಡ್ಡವ್ವ ಎದ್ದು ಬಂದಾಗ ಅವಳ ಬರಿಗಾಲಿಗೆ ನೆಲದ ಒದ್ದೆ ತಾಗಿತು. ಕೂತು ಕೈಯಾಡಿಸಿದಳು. ಒಂದೊಂದೇ ಹೆಜ್ಜೆಯ ಗುರುತಿನ ಮೇಲೆ ಅಂಗೈ ಇಡುತ್ತ ಹೊಸ್ತಿಲವರೆಗೂ ತೆವಳಿದಳು. ಯಾರೋ ಬಂದು ನೀರು ಕುಡಿದು ಹೋದ, ನಿನ್ನನ್ನು ಕೇಳಿದ ಎಂದೆ.

“ನನ್ನ ಯಾಕ ಎಬ್ಬಸಲಿಲ್ಲೋ, ತಮ್ಮಾ?”

ಅವನೇ ಬೇಡವೆಂದ ಎನ್ನಬಹುದಿತ್ತು. ಖಾಲಿ ಚರಿಗೆ ಎತ್ತಿ ಒಳಗಿಟ್ಟೆ.

ಬಂದವನು ಯಾರೆಂದು ನನಗೆ ಇಂದಿಗೂ ಗೊತ್ತಿಲ್ಲ. ಅವನನ್ನು ನಿಲ್ಲಿಸಿ, ಒಳಗೆ ಹೋಗಿ ಅವಳ ಭುಜ ಮುಟ್ಟಿ ಎಬ್ಬಿಸಬಹುದಿತ್ತು ಎಂಬುದಷ್ಟೇ ಗೊತ್ತು. ಆ ದಿನದಿಂದ ದೊಡ್ಡವ್ವ ಮಧ್ಯಾಹ್ನ ಮಲಗುವುದನ್ನು ಬಿಟ್ಟಿದ್ದಾಳೆ.