ಬಾಗಿಲ ಮೇಲಿನ ಗಾರೆ ಗೆರೆಗಳು

ತೊಂಬತ್ತರ ದಶಕದ ಕೊನೆಯಲ್ಲಿ ನಂಜನಗೂಡಿನಿಂದ ಬಸ್ಸು ಹಿಡಿದು ಟಿ. ನರಸೀಪುರಕ್ಕೆ ಹೋಗಿ ಇತಿಹಾಸ ಪಾಠ ಮಾಡುತ್ತಿದ್ದೆ. ಅಲ್ಲಿ ನನ್ನ ಪ್ಯಾಂಟು ಹೊಲಿಯುತ್ತಿದ್ದ ದರ್ಜಿ ಒಂದು ದಿನ ಮನೆಗೆ ಕರೆದ. ಹಳೆ ಮನೆ ಕೆಡವಿ ಹೊಸದು ಕಟ್ಟಿಸುತ್ತಿದ್ದ. ಗಾರೆ ಕೆಲಸದವರಾಗಿದ್ದ, ಆಗಲೇ ತೀರಿಕೊಂಡಿದ್ದ ಅವನ ತಂದೆ, ಯಾವುದೋ ಪಟ ನೋಡಿ, ಬಾಗಿಲ ಮೇಲೆ ಒಂದು ಸಾಲು ಮೂಡಿಸಿದ್ದರು: ನೆಟ್ಟಗೆ ನಿಂತ ಗೆರೆ, ಅಡ್ಡ ಗೆರೆ, ಚೌಕ ಮೂಲೆ. ಅರಬ್ಬಿ ಅಕ್ಷರಗಳಿಗಿರುವಂಥ ಒಂದು ಚುಕ್ಕೆಯೂ ಇಲ್ಲ. ದೇವರ ವಾಕ್ಯವಾದರೆ ಅದನ್ನು ಒಡೆದು ಕಸಕ್ಕೆ ಹಾಕುವಂತಿಲ್ಲ. ಮಸೀದಿಯ ಗುರುಗಳು ಇಂಥ ಅರಬ್ಬಿ ಕಂಡಿಲ್ಲ ಎಂದಿದ್ದರಂತೆ. ಇದು ಬರಹವೋ ಅಲ್ಲವೋ ನೀವೇ ಹೇಳಿ ಎಂದ.

ನನಗೆ ಅರಬ್ಬಿಯೇ ಬಾರದು. ಆದರೂ ಎಂ.ಎ. ಮಾಡಿದ ಗತ್ತು. ಬರೀ ಚಿತ್ತಾರ, ಅಂದೆ. ಅಂದೆ ಎಂದೇ ನನ್ನ ನೆನಪು. ಸೋಸಲೆಯಿಂದ ಬಂದಿದ್ದ ಗಾರೆಯವನು ಸುತ್ತಿಗೆ ಎತ್ತಿಕೊಂಡ.

ಆಗ ದರ್ಜಿಯ ತಾಯಿ ಹೊರಗೆ ಬಂದರು. ಖುರಾನಿನ ಎಷ್ಟೋ ಭಾಗ ಅವರಿಗೆ ಬಾಯಿಪಾಠ. ಅವರನ್ನು ಕೇಳಬೇಕೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಗಾರೆಯವನ ಸ್ಟೂಲು ಹತ್ತಿ, ಬಲಗಡೆಯಿಂದ ಬೆರಳಿಟ್ಟು, ಬಿಸ್ಮಿಲ್ಲಾ ಎಂದು ಶುರುಮಾಡಿದರು. ಗೆರೆಯೂ ದನಿಯೂ ಒಟ್ಟಿಗೇ ಮುಗಿದವು. ಚುಕ್ಕೆಯಿಲ್ಲದ ಮೇಲೆ ಹೇಗೆ ಬೇಕಾದರೂ ಓದಬಹುದಲ್ಲ ಎಂದು ತಕರಾರು ತೆಗೆದೆ.

"ನಿಂಗೆ ಓದಕ್ಕೆ ಬರ್ದೇ ಇದ್ರೆ ಅದು ಅಕ್ಷರ ಅಲ್ವಾ ಮಗಾ?" ಅಂದರು.

ಗಾರೆಯವನು ನಕ್ಕು ಸುತ್ತಿಗೆ ಕೆಳಗಿಟ್ಟ. ಉಳಿಯಿಂದ ಮೆಲ್ಲಗೆ ಎಬ್ಬಿಸಿದ ತುಂಡುಗಳನ್ನು ದರ್ಜಿ ತನ್ನ ಅಂಗಡಿಯ ಬಿಳಿ ಬಟ್ಟೆಯಲ್ಲಿ ಸುತ್ತಿ, ಸಂಜೆ ಹೊಳೆಗೆ ಬಿಟ್ಟ. ಒಂದು ಗಂಟು ನಾನೂ ಹಿಡಿದಿದ್ದೆ ಅನ್ನಿಸುತ್ತದೆ.

ಎಷ್ಟೋ ವರ್ಷದ ಮೇಲೆ ಮೈಸೂರಿನ ಲೈಬ್ರರಿಯೊಂದರ ಪುಸ್ತಕದಲ್ಲಿ ಅದೇ ನೆಟ್ಟನೆಯ ಗೆರೆಗಳು ಸಿಕ್ಕವು. ಕೂಫಿ, ಅರಬ್ಬಿಯ ಬಲು ಹಳೆಯ ಬರವಣಿಗೆ. ಆ ಕಾಲದ ಖುರಾನಿನ ಹಾಳೆಗಳಲ್ಲಿ ಚುಕ್ಕೆಗಳು ಅಪರೂಪವಂತೆ. ಮೊದಲೇ ಬಾಯಿಪಾಠ ಬಲ್ಲವರಿಗೆ ಆ ಬರಹ ಬರೀ ಆಸರೆ. ಹಾಗಾದರೆ ಆ ತಾಯಿ ಓದಿದ್ದೇ ಸರಿಯಾದ ಕ್ರಮ. ಗೋಡೆಯ ಮೇಲೆ ಇದ್ದದ್ದು ಅವರು ಹೇಳಿದ ವಾಕ್ಯವೇ? ತಾಳೆ ನೋಡಲು ಒಂದು ಫೋಟೋ ಕೂಡ ಇಲ್ಲ.

ಮೊನ್ನೆ ದರ್ಜಿಯ ಅಂಗಡಿಗೆ ಹೋದಾಗ, ಕೂತಿದ್ದ ಗಿರಾಕಿಗೆ ಅವನು ನನ್ನನ್ನು ತೋರಿಸಿದ.

"ನಮ್ಮಪ್ಪನ ಕೆಲಸ ಒಡೀಬ್ಯಾಡಿ ಅಂದೋರೇ ಇವ್ರು."

ಅಲ್ಲ, ಬರೀ ಚಿತ್ತಾರ ಅಂದವನು ನಾನು ಎನ್ನಲು ಬಾಯಿ ತೆರೆದೆ. ಅವನ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ನನ್ನ ಸೊಂಟಕ್ಕೆ ಟೇಪು ಸುತ್ತಿ, "ಉಸಿರು ಬಿಗಿ ಇಡೀಬ್ಯಾಡಿ ಸಾ, ಅಳತೆ ತಪ್ಪೋಯ್ತದೆ," ಅಂದ.

ಉಸಿರು ಬಿಟ್ಟೆ.