ಅಡ್ಡ ಮಲಗಿದ ಟಿವಿ

ಕಳೆದ ತಿಂಗಳು ಮಿಕ್ಸಿ ರಿಪೇರಿಗೆಂದು ವಿಲೆ ಪಾರ್ಲೆ ಸ್ಟೇಷನ್ ಹತ್ತಿರದ ಸಣ್ಣ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವನು ಕಾದ ಕಡ್ಡಿಯನ್ನು ತಂತಿಗೆ ಒತ್ತಿ ಬೆಸುಗೆ ಹಾಕುತ್ತಿದ್ದ. ಎಳೆಯಾಗಿ ಬಿಳಿ ಹೊಗೆ ಎದ್ದಿತು. ರಾಳ ಸುಟ್ಟ ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಮಿಕ್ಸಿಯನ್ನು ಮರೆತೆ. ಮೂವತ್ತು ವರ್ಷಕ್ಕೂ ಹಿಂದಿನ ಒಂದು ಶನಿವಾರ, ಲ್ಯಾಮಿಂಗ್ಟನ್ ರೋಡಿನ ಗದ್ದಲ, ಪಕ್ಕದಲ್ಲಿ ಕೊಡೆ ಊರಿಕೊಂಡು ನಿಂತ ನಮ್ಮ ಟೀಚರ್...

ಟೀಚರ್ ಎಂದರೆ ಆಂಟಾಪ್ ಹಿಲ್‌ನಲ್ಲಿ ನಮ್ಮ ಎದುರುಮನೆಯವರು. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾಗಿದ್ದರು. ನಾನೂ ಸೇರಿದಂತೆ ಬಿಲ್ಡಿಂಗಿನ ಅರ್ಧ ಮಕ್ಕಳು ಅವರ ಶಿಷ್ಯರೇ. ಉಡುಪಿ ಕಡೆಯವರು. ಮದುವೆಯಾಗಿರಲಿಲ್ಲ. ಅಕ್ಕನ ಜೊತೆ ಇದ್ದರು. ಆ ಅಕ್ಕ ಇಡೀ ಬಿಲ್ಡಿಂಗಿಗೆ ದೊಡ್ಡಕ್ಕ. ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ತಂಗಿಯ ಕೈ ಹಿಡಿದು ಬೊಂಬಾಯಿಗೆ ಬಂದು, ನಾಲ್ಕು ಮನೆಗಳಲ್ಲಿ ಅಡುಗೆ ಮಾಡಿ ಅವಳನ್ನು ಓದಿಸಿದವರು.

ಅವರ ಮನೆಯಲ್ಲಿ ಟಿವಿ ಇರಲಿಲ್ಲ. ಭಾನುವಾರ ಮಧ್ಯಾಹ್ನ ಒಂದೊಂದು ವಾರ ಒಂದೊಂದು ಭಾಷೆಯ ಸಿನಿಮಾ ಬರುತ್ತಿದ್ದ ಕಾಲ ಅದು. ಕನ್ನಡದ ಸರದಿ ತಿಂಗಳುಗಟ್ಟಲೆ ಕಾದರೂ ಬರುತ್ತಿರಲಿಲ್ಲ. ಬಂದ ದಿನ ಮಾತ್ರ ದೊಡ್ಡಕ್ಕ ಬೇಗ ಊಟ ಮುಗಿಸಿ, ನಮ್ಮ ಮನೆಯ ಟಿವಿ ಎದುರು ಎಲ್ಲರಿಗಿಂತ ಮೊದಲು ಬಂದು ಕೂರುತ್ತಿದ್ದರು. ಕೆಟ್ಟ ಮಾವನ ಪಾತ್ರಕ್ಕೆ ಅವರು ಬೈಯುವುದನ್ನು ಕೇಳಲೆಂದೇ ಕೆಳಗಿನ ಮರಾಠಿ ಮನೆಯವರೂ ಬರುತ್ತಿದ್ದರು!

ಆ ವರ್ಷ ದೊಡ್ಡಕ್ಕ ಬಚ್ಚಲಲ್ಲಿ ಜಾರಿ ಬಿದ್ದರು. ಬಲಸೊಂಟ ಮುರಿಯಿತು. ಆಪರೇಷನ್ ಆಗಿ ಮನೆಗೆ ಬಂದರೂ, ಬೆನ್ನಿನಲ್ಲಿ ಹುಣ್ಣಾಗಿದ್ದರಿಂದ ದಿನದ ಬಹುಪಾಲು ಎಡಮಗ್ಗುಲಾಗಿ ಮಲಗಿರಬೇಕಿತ್ತು. ನೋವಿಗಿಂತ ಹೆಚ್ಚಾಗಿ ಅವರನ್ನು ತಿಂದದ್ದು ಆ ಮಲಗುವಿಕೆಯೇ. ಮಾತು ನಿಂತಿತು. ಗಂಜಿ ತಂದರೆ "ಎಂತಕ್ಕೆ?" ಎನ್ನುವರು. ಬಾಗಿಲು ತೆರೆಯಲಾ ಎಂದರೆ "ಎಂತಕ್ಕೆ?" ಅಷ್ಟೇ. ಅಷ್ಟು ಮಾತಾಡುತ್ತಿದ್ದ ಬಾಯಿ...

ನಾನಾಗ ಅಂಧೇರಿಯ ಒಂದು ಕಂಪ್ಯೂಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಗಿರಾಕಿಗಳ ಆಫೀಸಿಗೆ ಹೋಗಿ ಟೈಪಿಂಗ್ ಪ್ರೋಗ್ರಾಂ ತೋರಿಸುವುದು ನನ್ನ ಕೆಲಸ. ಅದಕ್ಕೆಂದು ಆಫೀಸಿನವರು ಒಂದು ಲ್ಯಾಪ್‌ಟಾಪ್ ಕೊಟ್ಟಿದ್ದರು. ಇಡೀ ಆಫೀಸಿಗೆ ಇದ್ದದ್ದು ಅದೊಂದೇ. ಬಾಸ್ ಹೇಳಿದ್ದರು, "ಕೆಳಗೆ ಬಿದ್ದರೆ ಅದರ ಜೊತೆ ನಿನ್ನ ನೌಕರಿಯೂ ಬಿತ್ತು ಅಂದುಕೋ." ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ನಾನು ಅದನ್ನು ಎಳೆಮಗುವಿನ ಹಾಗೆ ಎದೆಗೆ ಅವಚಿಕೊಂಡು ಬರುತ್ತಿದ್ದೆ.

ಒಂದು ಶುಕ್ರವಾರ ಸಂಜೆ ಟೀಚರ್ ನಮ್ಮ ಮನೆಗೆ ಬಂದಾಗ ಅದು ಮೇಜಿನ ಮೇಲಿತ್ತು. ಕನ್ನಡಕ ಸರಿ ಮಾಡಿಕೊಂಡು ಸುತ್ತಲೂ ನೋಡಿದರು. ಮುಚ್ಚಳ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

"ಇದು ಹಾಸಿಗೆ ಮೇಲೆ ಇಟ್ರೂ ಕೂರ್ತದಲ್ಲ ಮಾರಾಯ್ತಿ! ಇದ್ರಲ್ಲಿ ಟಿವಿ ಬರುವ ಹಾಗೆ ಮಾಡ್ಲಿಕ್ಕೆ ಆಗ್ತದಾ?"

"ಟ್ಯೂನರ್ ಅಂತ ಒಂದು ಡಬ್ಬ ಬರತ್ತೆ ಟೀಚರ್. ಆಂಟೆನಾ ವೈರನ್ನ ಅದಕ್ಕೆ ಹಾಕಿದ್ರೆ, ಕಂಪ್ಯೂಟರ್ ಪರದೆಯಲ್ಲೇ ಟಿವಿ ನೋಡಬಹುದಂತೆ. ಲ್ಯಾಪ್‌ಟಾಪಿಗೂ ಆಗತ್ತೋ ಏನೋ, ನಂಗೊತ್ತಿಲ್ಲ."

"ಗೊತ್ತಿಲ್ಲದಿದ್ರೆ ಕೇಳುವ. ನಾಳೆ ಹೋಗುವ. ಮುಂದಿನ ಭಾನುವಾರ ಕನ್ನಡ ಸಿನಿಮಾ ಉಂಟು."

ಆಗ ನನಗೆ ಅರ್ಥವಾಯಿತು. ಭಾನುವಾರಗಳಲ್ಲಿ ಮಾತ್ರ ಈ ಲ್ಯಾಪ್‌ಟಾಪನ್ನು ದೊಡ್ಡಕ್ಕನ ದಿಂಬಿನ ಪಕ್ಕ ಇಡಬೇಕೆಂಬುದು ಅವರ ಯೋಜನೆ. ಬಾಸಿನ ಮುಖ ಕಣ್ಣ ಮುಂದೆ ಬಂತು. ಆದರೆ ಆರನೇ ಕ್ಲಾಸಿನಲ್ಲಿ ಟೀಚರಿಗೆ ಇಲ್ಲ ಎನ್ನಲಾಗದವಳು ಇಪ್ಪತ್ತನಾಲ್ಕನೇ ವಯಸ್ಸಿನಲ್ಲಿ ಹೇಗೆ ಎಂದೇನು?

ಮರುದಿನ, ಟಿವಿ ರೇಡಿಯೋ ಅಂಗಡಿಗಳೇ ತುಂಬಿದ ಲ್ಯಾಮಿಂಗ್ಟನ್ ರೋಡಿನಲ್ಲಿ ಮೊದಲು ಹೊಕ್ಕದ್ದು ಗಾಜಿನ ಬಾಗಿಲಿನ ಒಂದು ದೊಡ್ಡ ಅಂಗಡಿ. ಬೆರಳು ತುಂಬ ಉಂಗುರ ಹಾಕಿದ್ದ ಅಲ್ಲಿನವನು ಲ್ಯಾಪ್‌ಟಾಪ್ ನೋಡಿದವನೇ "ಹೋ ಜಾಯೇಗಾ ಮ್ಯಾಡಮ್, ಗ್ಯಾರಂಟಿ" ಎಂದ. ಮಿರಿಮಿರಿ ಮಿಂಚುವ ಟ್ಯೂನರ್ ಡಬ್ಬವೊಂದನ್ನು ಮುಂದಿಟ್ಟ. ಟೀಚರ್ ತಮ್ಮ ಉಡುಪಿ ಹಿಂದಿಯಲ್ಲಿ, "ಹೋ ಜಾಯೇಗಾ ತೋ ಅಭೀ ದಿಖಾವ್" ಎಂದು ಅಲ್ಲೇ ಮಾಡಿ ತೋರಿಸಲು ಹೇಳಿದರು. ಅವನು ಲ್ಯಾಪ್‌ಟಾಪನ್ನು ಹಿಂದೆ ಮುಂದೆ ತಿರುಗಿಸಿದ. ವೈರು ಎಲ್ಲಿ ಸಿಕ್ಕಿಸಬೇಕೆಂದೇ ಅವನಿಗೆ ತಿಳಿಯಲಿಲ್ಲ. "ಖೋಲ್ನಾ ಪಡೇಗಾ" ಎಂದವನೇ ಬಿಚ್ಚಲು ಸ್ಕ್ರೂಡ್ರೈವರ್ ಎತ್ತಿದ!

ನನ್ನ ಜೀವ ಬಾಯಿಗೆ ಬಂತು. ಅಷ್ಟರಲ್ಲಿ ಟೀಚರ್ ಲ್ಯಾಪ್‌ಟಾಪಿನ ಮೇಲೆ ಅಂಗೈ ಊರಿ, ಹಿಂದಿಯನ್ನೂ ಮರೆತು, "ಮುಟ್ಬೇಡ!" ಎಂದರು. ಇಡೀ ಕ್ಲಾಸನ್ನು ಒಂದೇ ಏಟಿಗೆ ಸುಮ್ಮನಾಗಿಸುತ್ತಿದ್ದ ಸ್ವರ ಅದು. ಕನ್ನಡದ ಒಂದಕ್ಷರ ಬಾರದ ಅವನು ಸ್ಕ್ರೂಡ್ರೈವರನ್ನು ಮೆಲ್ಲನೆ ಕೆಳಗಿಟ್ಟ. ನಾವು ಹೊರಬಂದು ರಸ್ತೆಯಲ್ಲಿ ನಿಂತು ನಕ್ಕೆವು.

ಎರಡನೆಯದು ಮಹಡಿ ಮೆಟ್ಟಿಲ ಕೆಳಗೆ ಗೂಡಿನಂತಿದ್ದ ಅಂಗಡಿ. ವಯಸ್ಸಾದ ಗುಜರಾತಿಯೊಬ್ಬರು ಬೆಸುಗೆ ಹಾಕುತ್ತ ಕೂತಿದ್ದರು. ಅವರು ಲ್ಯಾಪ್‌ಟಾಪನ್ನು ಮುಟ್ಟಲೂ ಇಲ್ಲ. ಹಿಂಭಾಗವನ್ನು ಬಗ್ಗಿ ನೋಡಿ ತಲೆಯಾಡಿಸಿದರು. ಹಿಂದಿನ ಸಾಕೆಟ್ಟು ಚಿತ್ರವನ್ನು ಹೊರಗೆ ಕೊಡುತ್ತದೆ, ಒಳಗೆ ತೆಗೆದುಕೊಳ್ಳುವುದಿಲ್ಲ, ಯಾವ ಟ್ಯೂನರ್ ತಂದರೂ ಇದರಲ್ಲಿ ಟಿವಿ ಬರುವುದಿಲ್ಲ ಎಂದರು.

ಟೀಚರ್ ನನ್ನ ಕಡೆ ತಿರುಗಿದರು. "ಸರಿ ಅಲ್ವಾ? ನಲ್ಲಿಯಲ್ಲಿ ನೀರು ಬರ್ತದೆ. ಅದೇ ನಲ್ಲಿಗೆ ಬಾಲ್ದಿ ಸುರಿದ್ರೆ ಒಳಗೆ ಹೋಗ್ತದಾ?" ಪಾಠ ಹೇಳುವ ಉತ್ಸಾಹದಲ್ಲಿ ಶುರುವಾದ ಮಾತು ಕೊನೆಗೆ ಬರುವಾಗ ಸಣ್ಣದಾಗಿತ್ತು. ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಯಾರಿಗೆಂದು ಆ ಮುದುಕರು ಕೇಳಿದಾಗ, ಎಡಮಗ್ಗುಲಾಗಿ ಮಲಗಿರುವ ಅಕ್ಕನ ಕಥೆಯನ್ನೆಲ್ಲ ಹೇಳಿದರು.

ಮುದುಕರು ಎದ್ದು ಅಟ್ಟದಿಂದ ಒಂದು ಪುಟ್ಟ ಮಾನಿಟರ್ ಇಳಿಸಿದರು. ಹಳೆಯ ಕಂಪ್ಯೂಟರಿನದು, ಕಪ್ಪು ಬಿಳುಪು, ಮಕ್ಕಳ ಶಾಲೆಯ ಚೀಲದಷ್ಟು ಗಾತ್ರ. ಟ್ಯೂನರ್ ಸಿಕ್ಕಿಸಿದರು. ಪರದೆಯಲ್ಲಿ ಯಾರೋ ಒಬ್ಬರು ಗೊಬ್ಬರದ ಬಗ್ಗೆ ಮಾತಾಡುತ್ತಿದ್ದರು. ಟೀಚರ್ ತುಸು ಹೊತ್ತು ನೋಡಿ ಕೇಳಿದರು, "ಇದನ್ನು ಅಡ್ಡ ಮಲಗಿಸಿದ್ರೆ?"

ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಮುದುಕರು ಒಂದು ಗಳಿಗೆ ಯೋಚಿಸಿದರು. ಆಮೇಲೆ ತಾವೇ ಅದನ್ನು ಎಡಮಗ್ಗುಲಿಗೆ ಮಲಗಿಸಿದರು. ಗೊಬ್ಬರದವರು ಅಡ್ಡಡ್ಡ ಮಲಗಿಯೇ ಮಾತು ಮುಂದುವರಿಸಿದರು. ಟೀಚರ್ ಕುತ್ತಿಗೆ ಓರೆ ಮಾಡಿದರು, ಮುದುಕರೂ ಮಾಡಿದರು. ಇಬ್ಬರೂ ಹಾಗೆಯೇ ಒಬ್ಬರನ್ನೊಬ್ಬರು ನೋಡಿ ನಕ್ಕ ನಗು ನನಗೆ ಇವತ್ತಿಗೂ ಕೇಳಿಸುತ್ತದೆ. ಬಿಸಿಗಾಳಿ ಹೋಗುವ ಸೀಳುಗಳು ಮುಚ್ಚದಂತೆ ಅಡಿಗೆ ಎರಡು ಮರದ ತುಂಡು ಇಡಿ ಎಂದು ಮುದುಕರು ತಿಳಿಹೇಳಿದರು.

ಇನ್ನು ಟ್ಯೂನರ್. ಮುದುಕರು ಎರಡು ತೋರಿಸಿದರು. ಒಂದಕ್ಕೆ ರಿಮೋಟ್ ಇತ್ತು, ಕೆಂಪು ಅಂಕಿ ಬೆಳಗುತ್ತಿತ್ತು. ಇನ್ನೊಂದರಲ್ಲಿ ರೇಡಿಯೋಗಿದ್ದಂಥ ಗುಂಡಿ. ಅದನ್ನು ಕೈಯಿಂದಲೇ ತಿರುಗಿಸಿ ಚಿತ್ರ ಹಿಡಿಯಬೇಕು. ನಾನು ರಿಮೋಟಿನದನ್ನೇ ಹಿಡಿದೆ. "ಇದೇ ಇರಲಿ ಟೀಚರ್. ಅದರಲ್ಲಿ ಚಿತ್ರ ಆಗಾಗ ಜಾರತ್ತೆ, ತಿರುಗಿಸ್ತಾನೇ ಇರಬೇಕು."

"ಅದಕ್ಕೇ ಅದು ಬೇಕು" ಎಂದರು ಟೀಚರ್. "ಬಲಗೈಗೆ ಎಂತ ಆಗಿದೆ ಅವಳಿಗೆ? ಬೆರಳು ಸರಿ ಉಂಟಲ್ಲ. ಹಗಲಿಡೀ ನಾವೇ ಅವಳಿಗೆ ಮಾಡುವುದು. ಅವಳೇ ಮಾಡುವಂಥದ್ದು ಒಂದಾದ್ರೂ ಬೇಡವಾ?"

ನಾನು ರಿಮೋಟನ್ನು ವಾಪಸು ಇಟ್ಟೆ.

ಆ ಭಾನುವಾರ ಟೀಚರ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ದೊಡ್ಡಕ್ಕನ ಮಂಚಕ್ಕೆ ತಾಗಿಸಿದ ಸ್ಟೂಲಿನ ಮೇಲೆ ಮಾನಿಟರ್ ಮಲಗಿತ್ತು, ಟ್ಯೂನರ್ ಅವರ ಕೈಗೆಟಕುವಂತೆ ಹಾಸಿಗೆಯ ಮೇಲೆಯೇ ಇತ್ತು. ಎಲ್ಲರ ಮನೆಯಲ್ಲೂ ನೇರ ನಿಂತ ಟಿವಿ ಇತ್ತು. ಆದರೂ ಅಪ್ಪ, ಅಮ್ಮ, ಕೆಳಗಿನ ಮರಾಠಿ ಮನೆಯವರು ಎಲ್ಲರೂ ಇಲ್ಲೇ ಬಂದು, ತಲೆಯನ್ನು ಎಡಭುಜಕ್ಕೆ ವಾಲಿಸಿ ಸಾಲಾಗಿ ಕೂತಿದ್ದರು.

ಸಿನಿಮಾ ಶುರುವಾಯಿತು. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ ಇದ್ದರು. ಟೀಚರ್ ಬಾಗಿಲ ಬಳಿ ಸೆರಗಿನ ತುದಿ ಹಿಂಡುತ್ತ ನಿಂತಿದ್ದರು. ಹತ್ತು ನಿಮಿಷ ಕಳೆದಿರಬೇಕು, ಚಿತ್ರ ಜಾರಿತು. ಪರದೆ ತುಂಬ ಗೆರೆಗಳು, ಕೊರಕೊರ ಸದ್ದು. ಸರಿ ಮಾಡಲು ನಾನು ಎದ್ದೆ. ಟೀಚರ್ ಕಣ್ಣಲ್ಲೇ ತಡೆದರು. ಕಾದೆವು...

ಸುಕ್ಕುಗಟ್ಟಿದ ಒಂದು ಕೈ ಚಾದರದಿಂದ ಹೊರಬಂತು. ಗುಂಡಿಯನ್ನು ಹುಡುಕಿತು, ಹಿಡಿಯಿತು, ಒಲೆಯ ಉರಿ ಹದ ಮಾಡುವಷ್ಟು ನಾಜೂಕಾಗಿ ತಿರುಗಿಸಿತು. ಚಿತ್ರ ನಿಂತಿತು. ದೊಡ್ಡಕ್ಕ ಕಣ್ಣರಳಿಸಿ ಪರದೆ ನೋಡಿದರು. ಆಮೇಲೆ ನಮ್ಮ ಸಾಲನ್ನು ನೋಡಿದರು.

"ನೀವೆಲ್ಲ ಎಂತಕ್ಕೆ ಕುತ್ತಿಗೆ ಮುರ್ಕೊಂಡು ಕೂತದ್ದು? ಮಲಗಿ ಮಾರಾಯ್ರೆ!"

ಮೊದಲು ಮಲಗಿದವರು ನಮ್ಮಪ್ಪ, ಸೆಂಟ್ರಲ್ ಗವರ್ನಮೆಂಟಿನ ಹೆಡ್ ಕ್ಲರ್ಕು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಚಾಪೆಯ ಮೇಲೆ ಎಡಮಗ್ಗುಲಾದೆವು. ಟೀಚರ್ ಅಡುಗೆಮನೆಗೆ ಹೋದರು. ಚಹಾ ಮಾಡಲೆಂದುಕೊಂಡೆ. ತುಂಬ ಹೊತ್ತಿನ ಮೇಲೆ ಮುಖ ತೊಳೆದುಕೊಂಡು, ಬರಿಗೈಯಲ್ಲಿ ಬಂದರು. ಅಷ್ಟರಲ್ಲಿ ದೊಡ್ಡಕ್ಕ ಕೆಟ್ಟ ಮಾವನಿಗೆ ಬೈಯಲು ಶುರುಮಾಡಿದ್ದರು.

ಕೆಲವು ತಿಂಗಳಲ್ಲಿ ದೊಡ್ಡಕ್ಕ ಎದ್ದು, ಕೋಲು ಹಿಡಿದು, ನಮ್ಮ ಮನೆಯವರೆಗೂ ನಡೆದು ಬಂದರು. ಮೂರು ವರ್ಷ ಚೆನ್ನಾಗಿಯೇ ಇದ್ದರು. ಅವರು ಹೋದ ಮೇಲೆ ಒಮ್ಮೆ ಟೀಚರನ್ನು ನೋಡಲು ಹೋಗಿದ್ದೆ. ಮಾನಿಟರ್ ಇನ್ನೂ ಅಡ್ಡ ಮಲಗಿಯೇ ಇತ್ತು. "ನೇರ ಇಡಲಾ ಟೀಚರ್?" ಎಂದೆ. "ಬೇಡ, ಇರ್ಲಿ. ನಂಗೂ ಅಭ್ಯಾಸ ಆಗಿದೆ" ಎಂದರು. ಆಮೇಲೆ ನನಗೆ ಮದುವೆ, ಮಕ್ಕಳು, ಅಂಧೇರಿಯ ಸಂಸಾರ. ಹೋಗಬೇಕು ಹೋಗಬೇಕು ಎನ್ನುತ್ತಲೇ ವರ್ಷಗಳು ದಾಟಿದವು. ಟೀಚರ್ ತೀರಿಕೊಂಡ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿದಾಗ ಎಲ್ಲ ಮುಗಿದು ಮೂರು ದಿನವಾಗಿತ್ತು.

ಈಗ ನಾನೂ ನಿವೃತ್ತಳು. ಮೊನ್ನೆ ಮಗಳಿಗೆ ಇದನ್ನೆಲ್ಲ ಹೇಳಿದೆ. ಅವಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಕೌನ್ಸೀ ಪಿಕ್ಚರ್ ಥೀ, ಅಮ್ಮಾ?" ಎಂದು ಕೇಳಿದಳು. ಎಷ್ಟು ಯೋಚಿಸಿದರೂ ಸಿನಿಮಾದ ಹೆಸರು ನೆನಪಿಗೆ ಬರಲಿಲ್ಲ. ಚಾಪೆಯ ಮೇಲೆ ಮಲಗಿದ ಒಬ್ಬೊಬ್ಬರ ಮುಖವೂ ನೆನಪಿದೆ, ಸಿನಿಮಾ ಒಂದೇ ಮರೆತಿದೆ. ಕೇಳಿದ್ದರೆ ಟೀಚರ್ ತಟ್ಟನೆ ಹೇಳುತ್ತಿದ್ದರು. ಅವರನ್ನು ಬಿಟ್ಟು ಬೇರೆ ಯಾರನ್ನು ಕೇಳಬೇಕೆಂದು ನನಗೆ ತಿಳಿಯಲಿಲ್ಲ.