ಕಿಟಕಿ ಕಡೆ ಮೊದಲು

ಕಳೆದ ವಾರ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ದೇ ತಡ, ಕೋಣೆ ಗಿರ್ರನೆ ತಿರುಗಿತು. ಒರಗಿಕೊಳ್ಳಲೆಂದು ಕಪಾಟಿನಿಂದ ಹಳೆಯ ದಿಂಬೊಂದನ್ನು ಎಳೆದುಕೊಂಡೆ. ಗರಗದ ಎಣ್ಣೆಯ ವಾಸನೆ ಅದರಿಂದ ಇನ್ನೂ ಹೋಗಿರಲಿಲ್ಲ... ಅಮೆರಿಕದ ಹರ್ನ್‌ಡನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಂಟಿಯ ತಲೆಯ ಎಣ್ಣೆ ಅದು.

ಕೋವಿಡ್‌ನ ಮೊದಲ ವರ್ಷ. ನಮ್ಮೆರಡು ಮನೆಯವರಷ್ಟೇ ಒಬ್ಬರಲ್ಲಿಗೊಬ್ಬರು ಹೋಗಿಬರುತ್ತಿದ್ದೆವು. ಆಂಟಿ ಧಾರವಾಡದ ಕಡೆಯವರು. ಅವರ ಮಗಳು ದೂರದ ರಾಲಿ ಊರಿನಲ್ಲಿ ತುಂಬು ಬಸುರಿ. ಹುಟ್ಟುವ ಕೂಸನ್ನು ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ತಾವೇ ನೀರೆರೆಯಬೇಕೆಂಬುದು ಆಂಟಿಯ ಆಸೆ. ಆದರೆ ಬಗ್ಗಿದರೆ ತಲೆ ಸುತ್ತುತ್ತಿತ್ತು. ಪಿತ್ತವೆಂದು ಶುಂಠಿ, ನಿಂಬೆರಸ ಎಲ್ಲ ಆಯಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರು ವಿಡಿಯೋ ಕರೆಯಲ್ಲಿ ನೋಡಿ, ಬಲಗಿವಿಯೊಳಗಿನ ಸಣ್ಣ ಹರಳುಗಳು ಜಾಗ ತಪ್ಪಿವೆ ಎಂದರು. ತಲೆಯನ್ನು ಮಂಚದ ಅಂಚಿನಿಂದ ಇಳಿಬಿಟ್ಟು ಮೊದಲು ಬಲಕ್ಕೆ, ಆಮೇಲೆ ನಿಧಾನವಾಗಿ ಎಡಕ್ಕೆ ತಿರುಗಿಸಬೇಕಂತೆ. ನಾನೋ ಮಹಾ ಜಾಣೆ, ನಮ್ಮನೆ ಮಂಚದಲ್ಲಿ ಮಲಗಿದರೆ ಕಿಟಕಿ ಬಲಕ್ಕೆ ಬರುವುದನ್ನು ನೋಡಿ "ಕಿಟಕಿ ಕಡೆ ಮೊದಲು" ಎಂದು ನೆನಪಿಟ್ಟುಕೊಂಡೆ.

ಫೋನ್ ಇಟ್ಟು ಮಲಗಿಸಲು ಹೋದರೆ ಆಂಟಿ ಎದ್ದು ಕೂತರು.

"ತಡಿಯವಾ, ಇದು ಉತ್ತರ ಅಲ್ಲೇನು? ಉತ್ತರಕ್ಕ ತಲಿ ಹಾಕಿ ಮಲಗೂದಿಲ್ಲ ನಾ."

"ಐದೇ ನಿಮಿಷ ಆಂಟಿ, ನಿದ್ದೆ ಮಾಡಕ್ಕಲ್ವಲ್ಲ."

"ಕೂಸು ಬರೂ ಹೊತ್ತಿನ್ಯಾಗ ಬ್ಯಾಡವಾ."

ಸರಿ, ಮಂಚದ ಇನ್ನೊಂದು ತುದಿಗೆ, ದಕ್ಷಿಣಕ್ಕೆ ತಲೆ ಮಾಡಿಸಿದೆ. ಹೆಗಲ ಕೆಳಗೆ ಈ ದಿಂಬು. ತಲೆ ಹಿಡಿದು ಕಿಟಕಿ ಕಡೆಗೇ ತಿರುಗಿಸಿದೆ. ಸುತ್ತು ನಿಲ್ಲಲಿಲ್ಲ. ಮರುದಿನವೂ ಮಾಡಿದೆ, ಮತ್ತೆ ಕಿಟಕಿ ಕಡೆಗೇ... ಕೊನೆಗೆ ಆಂಟಿಯೇ ನನ್ನನ್ನು ಸಮಾಧಾನ ಮಾಡಿದರು. "ಇರಲಿ ಬಿಡು. ನಿನ್ನ ಕೈ ಛಲೋನ ಐತಿ, ನನ್ನ ತಲಿನ ಸರಿ ಇಲ್ಲ."

ರಾಲಿಗೆ ಹೋದರು. ಕೂಸು ಕೈ ಜಾರೀತೆಂಬ ಹೆದರಿಕೆಯಿಂದ ಬಗ್ಗಲೇ ಇಲ್ಲ. ಬೀಗಿತ್ತಿ ಎರೆದರಂತೆ. ಆಂಟಿ ಟವೆಲ್ ಹಿಡಿದು ಕುರ್ಚಿಯಲ್ಲಿ ಕೂತಿರುತ್ತಿದ್ದರಂತೆ. ಹೋದ ವರ್ಷ ಬೇರೇನೋ ಕಾಯಿಲೆಯಾಗಿ ತೀರಿಕೊಂಡರು.

ಮೊನ್ನೆ ಕ್ಲಿನಿಕ್‌ನಲ್ಲಿ ನನ್ನ ತಲೆ ಹಿಡಿದ ಥೆರಪಿಸ್ಟ್, ಬಲಕ್ಕೆ ತಿರುಗಿ ಎಂದಳು. ತಿರುಗಿದೆ. ಎದುರಿಗೆ ಬರೀ ಗೋಡೆ. ಕಿಟಕಿ ನನ್ನ ಎಡಕ್ಕಿತ್ತು... ಆಗ ಹೊಳೆಯಿತು. ಆಂಟಿಯನ್ನು ತಿರುಗಿಸಿ ಮಲಗಿಸಿದ ದಿನ ಕಿಟಕಿ ಅವರಿಗೂ ಎಡಕ್ಕೇ ಇತ್ತು. ಕೆಟ್ಟ ಕಿವಿ ಬಲದ್ದು, ನಾನು ತಿರುಗಿಸಿದ್ದು ಎಡಕ್ಕೆ. ಅವರ ತಲೆ ಸರಿಯಾಗಿಯೇ ಇತ್ತು. ಅದನ್ನು ಹೇಳೋಣವೆಂದರೆ ಈಗ ಅವರಿಲ್ಲ.

ಎದ್ದು ಕೂತು, ಬಗ್ಗಿ ಶೂ ಹಾಕಿಕೊಂಡೆ. ತಲೆ ಒಂಚೂರೂ ಸುತ್ತಲಿಲ್ಲ. ಬಗ್ಗಿದವಳು ಹಾಗೇ ಅತ್ತುಬಿಟ್ಟೆ.